ಸಕ್ಕರೆ ಏರಿದ ಬಸುರಿಗೆ ನಾನು ಕಟ್ಟಿದ ಬುತ್ತಿ

ಬೈಲಹೊಂಗಲದಲ್ಲಿ ನನ್ನ ಖಾನಾವಳಿಯ ರೊಟ್ಟಿ ತಿಂದು ಕೆಟ್ಟೆ ಅಂದವರು ಒಬ್ಬರೂ ಇಲ್ಲ. ನನ್ನ ಬಾಯಿಗೆ ಸಿಕ್ಕು ಕೆಟ್ಟವರು ಮಾತ್ರ ನಾಲ್ಕು ತಾಲೂಕಿನಲ್ಲೂ ಸಿಗುತ್ತಾರೆ. ಬೀಗರ ಪಂಕ್ತಿಯಲ್ಲಿ ಹೋಳಿಗೆಯೊಳಗೆ ಹೂರಣದ ಬದಲು ಹತ್ತಿ ಇಟ್ಟು ಬಡಿಸಿದವಳು ನಾನೇ. ಚಟ್ನಿಗೆ ಖಾರವೇ ಇಲ್ಲವೆಂದು ಮೂಗು ಮುರಿದ ಫೌಜದಾರರಿಗೆ ಮರುದಿನ ಲವಂಗಿ ಮೆಣಸಿನಕಾಯಿ ಅರೆದು ಕೊಟ್ಟು, ಅವರು ಕಣ್ಣೊರೆಸಿಕೊಳ್ಳುವಾಗ "ಯಾರರ ತೀರಿಕೊಂಡಾರೇನ್ರಿ ಸಾಹೇಬರ?" ಎಂದು ಕೇಳಿದವಳೂ ನಾನೇ. ಇಂಥವಳ ಕೈಗೆ ಒಬ್ಬ ಬಸುರಿಯ ಊಟ ಒಪ್ಪಿಸಿದರು ಅಂದರೆ ನಿಮಗೆ ನಗು ಬರುತ್ತದೆ. ನಗ್ರಿ. ಊರವರ ನಗುವಿನ ಮೇಲೆಯೇ ನನ್ನ ಒಲೆ ಉರಿಯುತ್ತದೆ.

ಹೆರಿಗೆ ಆಸ್ಪತ್ರೆಯ ಡಾಕ್ಟರಬಾಯಿಗೆ ಮಧ್ಯಾಹ್ನದ ಡಬ್ಬಿ ನನ್ನಲ್ಲಿಂದಲೇ ಹೋಗುತ್ತದೆ. ಒಂದು ದಿನ ಖಾಲಿ ಡಬ್ಬಿಯ ಜೊತೆ "ಆಯಿಗೆ ಬಂದು ಹೋಗಾಕ ಹೇಳ್ರಿ" ಎಂದು ಹೇಳಿ ಕಳಿಸಿದರು. ಪಲ್ಯದಲ್ಲಿ ಕೂದಲು ಸಿಕ್ಕಿರಬೇಕೆಂದು ಜಗಳಕ್ಕೆ ಸೆರಗು ಬಿಗಿದೇ ಹೋದೆ.

ಅಲ್ಲಿ ಒಬ್ಬ ಹುಡುಗಿ ಕುಳಿತಿದ್ದಳು, ಪಕ್ಕದಲ್ಲಿ ಅವಳ ತಾಯಿ. ನಮ್ಮ ಓಣಿಯವರೇ. ಹುಡುಗಿ ಕಿತ್ತೂರಿನ ಸಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಗಂಡನ ಮನೆ ರಾಮದುರ್ಗ ತಾಲೂಕಿನ ಸಾಲಹಳ್ಳಿ. ಬಾಣಂತನಕ್ಕೆಂದು ಬೇಗನೇ ತವರಿಗೆ ಬಂದಿದ್ದಳು. ಮೊದಲ ಬಸಿರು ಮೂರನೇ ತಿಂಗಳಲ್ಲೇ ಇಳಿದುಹೋಗಿತ್ತು. ಇದು ಎರಡನೆಯದು, ಆರು ತುಂಬಿ ಏಳಕ್ಕೆ ಬಿದ್ದಿತ್ತು.

"ಆಯಿ, ಈಕೀಗೆ ಬಸರಾಗ ಸಕ್ಕರಿ ಏರೇತಿ," ಅಂದರು ಡಾಕ್ಟರಬಾಯಿ. "ಊಟಾ ಹದಕ್ಕ ತಂದು ನೋಡೂಣು. ಮುಂದಿನ ತಪಾಸಣಿ ತನಕಾ ಬಿಡ್ತೇನಿ. ಇಳೀತಂದ್ರ ಇಲ್ಲೇ ಹೆರಿಗಿ. ಇಲ್ಲಂದ್ರ ಇನ್ಸುಲಿನ್ ಚಾಲೂ ಮಾಡಿ ಬೆಳಗಾವಿ ದೊಡ್ಡ ದವಾಖಾನಿಗೆ ಬರದು ಕೊಡ್ತೇನಿ. ಸಕ್ಕರಿ ಹಿಂಗ ಇದ್ರ ಹೊಟ್ಟ್ಯಾಗ ಕೂಸು ಮೀರಿ ಬೆಳೀತದ, ಹೆರಿಗಿ ಕಠಿಣ ಆಗ್ತದ, ಹುಟ್ಟಿದ ಕೂಸಿಗೂ ತ್ರಾಸು."

"ಸೂಜಿಗೆ ನಾ ಅಂಜೂದಿಲ್ಲಾಯಿ," ಅಂದಳು ಹುಡುಗಿ. "ಈ ಕೂಸು ನನ್ನ ಕೈಗೆ ಗಟ್ಟಿಮುಟ್ಟ ಬರಬೇಕು. ಅಷ್ಟ ಸಾಕು." ಹೇಳುವಾಗ ಎರಡೂ ಕೈ ಹೊಟ್ಟೆಯ ಮೇಲಿದ್ದವು. ನನ್ನ ನಾಲಗೆಯ ತುದಿಗೆ ಬಂದಿದ್ದ ಚೇಷ್ಟೆ ಹಿಂದಕ್ಕೆ ಹೋಯಿತು. ಅಂಥದು ವರ್ಷಕ್ಕೊಮ್ಮೆ ಆಗುವುದೂ ಅಪರೂಪ.

ಹೊರಗೆ ಬಂದ ಮೇಲೆ ತಾಯಿ ನನ್ನ ಕೈ ಹಿಡಿದುಕೊಂಡಳು. "ಆಯಿ, ನಿಮ್ಮ ಕಾಲಿಗೆ ಬೀಳ್ತೇನಿ, ಸಾಲಹಳ್ಳಿ ಬೀಗರಿಗೆ ಇದು ಗೊತ್ತಾಗಬಾರ್ದು. ಬ್ಯಾನಿ ಇದ್ದ ಹುಡುಗೀನ ಗಂಟ ಹಾಕ್ಯಾರ ಅಂತಾರ."

"ಅಳಿಯಗ?"

"ಅವಗ ಗೊತ್ತೈತ್ರಿ. ಅಂವಾ ತನ್ನ ಅವ್ವನ ಮುಂದ ಕೆಮ್ಮಾಕೂ ಅಂಜ್ತಾನ."

ಆಗಲಿ ಎಂದೆ. ಊಟ ನನ್ನ ಮನೆಯಿಂದಲೇ ಡಬ್ಬಿಯಲ್ಲಿ ಹೋಗಬೇಕು, ಹುಡುಗಿ ಊಟವಾಗಿ ಎರಡು ತಾಸಿಗೆ ಬೆರಳು ಚುಚ್ಚಿ ಸಣ್ಣ ಯಂತ್ರದಲ್ಲಿ ನೋಡಿ ನನಗೆ ಫೋನಿನಲ್ಲಿ ಹೇಳಬೇಕು. ನೂರಿಪ್ಪತ್ತರ ಕೆಳಗೆ ಬಂದರೆ ಗೆದ್ದೆವು. ಬೆಳಗಿನ ಬರಿಹೊಟ್ಟೆಯ ಅಳತೆ ಇನ್ನೂ ಕೆಳಗೆ ಇರಬೇಕು.

ಇಷ್ಟು ವರ್ಷ ಊರಿಗೆ ಉಣಿಸಿದವಳಿಗೆ ಒಬ್ಬ ಹುಡುಗಿಯ ಊಟ ಯಾವ ಲೆಕ್ಕ? ಸಕ್ಕರೆ ಬಂದ್, ಚಹಾಕ್ಕೆ ಬೆಲ್ಲ. ಅನ್ನ ಬಂದ್, ಜೋಳದ ರೊಟ್ಟಿ ಹೊಟ್ಟೆ ತುಂಬ. ನಮ್ಮ ಕಡೆ ಸಕ್ಕರೆ ಬೇನೆಯವರೆಲ್ಲ ಮಾಡುವುದು ಇದನ್ನೇ. ಮೊದಲ ಅಳತೆಗಳು ಬಂದವು ನೋಡಿ, ನೂರೆಂಬತ್ತು, ನೂರೆಪ್ಪತ್ತೈದು. ನಾನು ಯಂತ್ರ ಕೆಟ್ಟಿದೆ ಎಂದೆ. ಡಾಕ್ಟರಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಆಯಿ, ಬೆಲ್ಲ ಏನ ಸಕ್ಕರಿ ಮಲಮಗಳೇನು? ಒಂದ ಕಬ್ಬಿನ ಹೊಟ್ಟ್ಯಾಗ ಹುಟ್ಟಿದ ಅಕ್ಕ-ತಂಗಿ ಅವು."

"ಜೋಳಾ? ಜೋಳಾ ಏನ ಮಾಡೇತಿ?"

"ಜೋಳಾನೂ ಹೊಟ್ಟ್ಯಾಗ ಹ್ವಾದ ಮ್ಯಾಲ ಸಕ್ಕರಿನ ಆಗತೇತಿ. ಅನ್ನದಕ್ಕಿಂತ ಮೆಲ್ಲಕ ಆಗತೇತಿ, ಅಷ್ಟ. ಮೆಲ್ಲಕ ಬಂದ್ರೂ ಕಳ್ಳ ಕಳ್ಳನ. ನೀವು ನಾಲ್ಕು ರೊಟ್ಟಿ ತಿನಿಸಿದ್ರ ನಾಲ್ಕು ಕಳ್ಳರನ್ನ ಮನಿಗೆ ಕರದಂಗ."

ನಾನು ಸೋತದ್ದನ್ನು ಒಪ್ಪುವವಳಲ್ಲ. "ಹಂಗಾರ ಕಳ್ಳರನ್ನ ಎಣಿಸಿ ಒಳಗ ಬಿಡೂಣು" ಎಂದೆ. ಡಾಕ್ಟರಬಾಯಿ ಕೂರಿಸಿ ತಿಳಿಸಿಕೊಟ್ಟರು. ಹಿಟ್ಟಿನ ಪದಾರ್ಥಕ್ಕೆ ತೂಕ ಇರಬೇಕು. ಕಾಳು, ಬೇಳೆ, ಮೊಸರು, ಸೊಪ್ಪು-ತಪ್ಪಲು ಧಾರಾಳ ಇರಬೇಕು. ಒಮ್ಮೆಲೇ ಹೊಟ್ಟೆ ತುಂಬದೆ ದಿನಕ್ಕೆ ಮೂರು ಊಟ, ನಡುನಡುವೆ ಮೂರು ಸಣ್ಣ ತಿನಿಸು. ಉಪವಾಸ ಮಾತ್ರ ಕೂಡದು, ಬಸುರಿ ಹಸಿದಿರಬಾರದು.

ತೂಕ ಅಂದರೆ ಸಂತೆಯ ತಕ್ಕಡಿ ಸಾಲದು. ನನ್ನಲ್ಲಿ ಉಣ್ಣಲು ಬರುವ ಅಕ್ಕಸಾಲಿಗನ ಅಂಗಡಿಗೆ ನಾದಿದ ಹಿಟ್ಟಿನ ಉಂಡೆಗಳನ್ನು ಒಯ್ದು, ಬಂಗಾರ ತೂಗುವ ಯಂತ್ರದ ಮೇಲೆ ಇಟ್ಟೆ.

"ಆಯಿ, ರೊಟ್ಟಿಗೂ ಹಾಲ್‌ಮಾರ್ಕ್ ಹೊಡೀಲೇನು?" ಅಂದ.

"ಹೊಡಿ. ನಿನ್ನ ಬಂಗಾರಕ್ಕಿಂತ ಇದರಾಗ ಕಲಬೆರಕಿ ಕಡಿಮಿ ಐತಿ."

ಅವನ ಗಿರಾಕಿಗಳೆಲ್ಲ ನಕ್ಕರು. ಅವನು ಎರಡು ದಿನ ನನ್ನ ಖಾನಾವಳಿಗೆ ಬರಲಿಲ್ಲ, ಮೂರನೆಯ ದಿನ ಹಸಿವು ಎಳೆದು ತಂದಿತು. ಆದರೆ ತೂಕ ಸಿಕ್ಕಿತು. ನನ್ನ ದೊಡ್ಡ ರೊಟ್ಟಿಗೆ ಅರವತ್ತು ಗ್ರಾಂ ಹಿಟ್ಟು ಹೋಗುತ್ತಿತ್ತು. ಹುಡುಗಿಗೆ ಒಂದು ಹೊತ್ತಿಗೆ ಅಂಥದು ಒಂದೇ ಸಾಕು. ಅದರ ಸುತ್ತ ನಾನು ಕೋಟೆ ಕಟ್ಟಿದೆ. ಮುಂಜಾನೆ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಬೆಲ್ಲವೂ ಇಲ್ಲದ ಚಹಾ. ನಡುವೆ ಮಜ್ಜಿಗೆ ಮತ್ತು ಮುಷ್ಟಿ ಹುರಿದ ಶೇಂಗಾ. ಮಧ್ಯಾಹ್ನ ಮೊದಲು ಮೆಂತ್ಯದ ಎಳೆ ತಪ್ಪಲು, ಸೌತೆಕಾಯಿ, ಮೊಳಕೆ ಬಂದ ಮಡಕಿಕಾಳು. ಆಮೇಲೆ ಪುಂಡಿಪಲ್ಯ ಇಲ್ಲವೇ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಅವುಗಳ ಜೊತೆಗೆ ಆ ಒಂದು ರೊಟ್ಟಿ. ಸಂಜೆಗೆ ಅರ್ಧ ಪೇರಲ ಹಣ್ಣು. ರಾತ್ರಿ ಕಡಲೆಹಿಟ್ಟಿನ ಝುಣಕ, ಮತ್ತೊಂದು ರೊಟ್ಟಿ, ಮಲಗುವ ಮುಂಚೆ ಸಕ್ಕರೆ ಇಲ್ಲದ ಹಾಲು. ಪ್ರತಿ ಊಟದ ನಂತರ ಅಂಗಳದಲ್ಲಿ ಮೆಲ್ಲಗೆ ಅಡ್ಡಾಡಬೇಕು. "ನಿಮ್ಮ ಊಟದಾಗ ಏನ ಕಡಿಮಿ ಅನಸೂದ ಇಲ್ಲಾಯಿ," ಅಂದಳು ಹುಡುಗಿ. ಕಡಿಮೆ ಅನಿಸಿದರೆ ನಾನು ಕೈ ಕಡಿದುಕೊಳ್ಳುತ್ತಿದ್ದೆ.

ಮುಂಜಾನೆಯ ಅಳತೆ ಇಳಿಯಿತು. ರಾತ್ರಿಯದೂ ಇಳಿಯಿತು. ಮಧ್ಯಾಹ್ನದ್ದು ಮಾತ್ರ ಹಟ ಹಿಡಿದ ಎಮ್ಮೆಯಂತೆ ನೂರೈವತ್ತು, ನೂರರವತ್ತರಲ್ಲೇ ನಿಂತುಬಿಟ್ಟಿತು.

ನಾನು ನನ್ನ ಅಡುಗೆಯನ್ನೇ ಕಟಕಟೆಗೆ ಹತ್ತಿಸಿದೆ. ನನ್ನ ಬದನೆಕಾಯಿ ಎಣ್ಣೆಗಾಯಿಗೆ ಬೆಲ್ಲದ ಚೂರು ಬೀಳುತ್ತದೆ, ಅದನ್ನು ತೆಗೆದೆ. ಏರುಪೇರಾಗಲಿಲ್ಲ. ಮರುದಿನ ಶೇಂಗಾ ಚಟ್ನಿಪುಡಿ ಬಿಟ್ಟೆ. ಇಲ್ಲ. ಮೊಸರಿನ ಎಮ್ಮೆಯನ್ನೇ ಬದಲಿಸಿದೆ. ಇಲ್ಲ. ಒಂದೊಂದೇ ಪದಾರ್ಥ ತೆಗೆಯುತ್ತ ಹೋದರೆ ಕೊನೆಗೆ ಬರಿ ಡಬ್ಬಿ ಕಳಿಸಬೇಕಾಗುತ್ತಿತ್ತು. ತಪಾಸಣೆಯ ದಿನ ಹತ್ತಿರ ಬರುತ್ತಿತ್ತು. ಸಿಟ್ಟಿನಲ್ಲಿ ಫೋನಿನಲ್ಲೇ ಅಂದುಬಿಟ್ಟೆ:

"ನೀ ಏನೋ ಕದ್ದ ತಿನ್ನಾಕತ್ತಿ ಬೇ."

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು. "ದೇವರಾಣಿ ಇಲ್ಲಾಯಿ. ತಾಟಿನ್ಯಾಗ ಬಂದದ್ದಷ್ಟ ತಿಂತೇನಿ."

ತಾಟಿನಲ್ಲಿ ಬಂದದ್ದು! ನಾನು ಕಳಿಸುವುದು ಡಬ್ಬಿ. ಡಬ್ಬಿಗೂ ತಾಟಿಗೂ ನಡುವೆ ಏನು ನಡೆಯುತ್ತದೆ ಎಂದು ನಾನು ನೋಡಿಯೇ ಇರಲಿಲ್ಲ. ಮರುದಿನ ಡಬ್ಬಿಯನ್ನು ನಾನೇ ಒಯ್ದು, "ಇವತ್ತ ನಾನೂ ಇಲ್ಲೇ ಉಣ್ಣಾಕಿ" ಎಂದು ಹುಡುಗಿಯ ಪಕ್ಕ ಕುಳಿತೆ.

ತಾಯಿ ಬಡಿಸತೊಡಗಿದಳು. ತಪ್ಪಲು ಬಂತು, ಕಾಳು ಬಂತು, ರೊಟ್ಟಿ ಬಂತು. ಆಮೇಲೆ ತಮ್ಮ ಮನೆಯ ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ಮುರಿದು ಅರ್ಧ ಹಾಕಿದಳು.

"ಅದ್ಯಾಕ?" ಅಂದೆ.

"ಒಂದ ಬಡಿಸಬಾರ್ದಲ್ಲಾಯಿ. ಒಂದ ಬಡಸೂದು ಯಾವಾಗಂತ ನಿಮಗ ಗೊತ್ತಿಲ್ಲೇನು?"

ಗೊತ್ತಿಲ್ಲದೆ ಏನು! ಒಂದೇ ಇಡುವುದು ಸತ್ತವರ ಎಡೆಗೆ. ನನ್ನ ಖಾನಾವಳಿಯಲ್ಲಿ ನಾನೂ ಯಾರಿಗೂ ಒಂದೇ ಬಡಿಸಿದವಳಲ್ಲ. ಊಟ ಸಾಗಿತು. ತಾಯಿ ಮತ್ತೆ ಬಂದಳು. ಉಳಿದ ಅರ್ಧ ಕೈಯಲ್ಲಿತ್ತು. "ಬಸುರಿ ಮುಂದ ಒಡಕ ರೊಟ್ಟಿ ಉಳಿಸಬಾರ್ದು" ಎಂದು ಅದನ್ನೂ ಹಾಕಿದಳು. ಕಡೆಗೆ ಒಂದು ತುತ್ತು ಮೊಸರನ್ನ, ಯಾಕೆಂದರೆ ಅನ್ನ ಮುಟ್ಟದೆ ಎಲೆಯಿಂದ ಏಳಬಾರದು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಯಕೆಯ ಬುತ್ತಿ ಎಂದು ಶೇಂಗಾ ಹೋಳಿಗೆ ಹಿಡಿದು ಬಂದಳು. ಬಸುರಿ ಬುತ್ತಿಯನ್ನು ಹಿಂದಕ್ಕೆ ತಳ್ಳಬಾರದು. ಮುಂಜಾನೆ ತಾಯಿ ಪೂಜೆಯಲ್ಲಿರುತ್ತಾಳೆ, ರಾತ್ರಿ ಧಾರಾವಾಹಿಯಲ್ಲಿ. ಬಡಿಸುವ ಪುರುಸೊತ್ತು ಸಿಗುವುದು ಮಧ್ಯಾಹ್ನವೇ. ಕಳ್ಳ ಸಿಕ್ಕಿದ. ಹೆಸರು ಪ್ರೀತಿ.

ಆ ತಾಯಿಗೆ ಒಂದೇ ಬಡಿಸು ಎಂದು ಹೇಳಿದ್ದರೆ ನನ್ನ ಎದುರು ಹೂಂ ಅಂದು ಬೆನ್ನ ಹಿಂದೆ ಒಂದೂವರೆ ಹಾಕುತ್ತಿದ್ದಳು. ಹಾಗಾಗಿ ನಾನು ರೊಟ್ಟಿಯನ್ನೇ ಕುಗ್ಗಿಸಿದೆ. ಮೂವತ್ತು ಗ್ರಾಂ ಹಿಟ್ಟಿನ, ಅಂಗೈ ಅಗಲದ ರೊಟ್ಟಿ. ಅಂಥವು ಎರಡು. ದೊಡ್ಡ ರೊಟ್ಟಿ ಬಡಿದು ರೂಢಿಯಾದ ಕೈಗೆ ಸಣ್ಣದು ಬಡಿಯುವುದು ಎಂಥ ತ್ರಾಸು ಗೊತ್ತೇ? ಅಂಚು ಒಡೆಯುತ್ತದೆ, ಹೆಂಚಿನ ಮೇಲೆ ಹಪ್ಪಳದಂತೆ ಸೆಟೆಯುತ್ತದೆ. ಮೊದಲ ಪಾಳಿಯನ್ನು ಎಮ್ಮೆಗೆ ಹಾಕಿದೆ. ಹಿಟ್ಟಿಗೆ ಬಿಸಿನೀರು ಇನ್ನಷ್ಟು ಹಿಡಿಸಿದ ಮೇಲೆ ದಾರಿಗೆ ಬಂತು. ಜೋಡಿ ಜೋಡಿಯಾಗಿ ಕಟ್ಟಿ ತಾಯಿಯ ಕೈಗೆ ಕೊಟ್ಟೆ. "ಎರಡು ಬಡಿಸವಾ, ಧಾರಾಳ ಬಡಿಸು. ಅನ್ನದ್ದು ಒಂದ ಅಗಳ ಮುಟ್ಟಿಸಿದ್ರ ಶಾಸ್ತ್ರ ಆತು. ಮನೀ ರೊಟ್ಟಿ ಬುಟ್ಟಿ, ಬಂದ ಬಯಕಿ ಬುತ್ತಿ ಮಾತ್ರ ನಿನ್ನ ಗಂಡಗ." ಅವಳು ಹಿಗ್ಗಿದಳು. ಆ ಮಧ್ಯಾಹ್ನ ಫೋನು ಬಂತು: "ಆಯಿ, ನೂರಾ ಹದಿನಾರು!" ಈ ಗಣಿತದ ಟೀಚರು ಅಷ್ಟು ಖುಷಿಯಲ್ಲಿ ಅಂಕಿ ಹೇಳಿದ್ದನ್ನು ಅವಳ ಸಾಲೆಯ ಮಕ್ಕಳೂ ಕೇಳಿರಲಿಕ್ಕಿಲ್ಲ. ಖಾನಾವಳಿಯಲ್ಲಿ ಉಣ್ಣುತ್ತಿದ್ದವರಿಗೆಲ್ಲ ಪುಕ್ಕಟೆ ಮಜ್ಜಿಗೆ ಹಾಕಿದೆ. ನೀರು ಸ್ವಲ್ಪ ಹೆಚ್ಚಿತ್ತು, ಯಾರೂ ಗಮನಿಸಲಿಲ್ಲ.

ಆಗಲೇ ಕುಬಸ ಬಂತು.

ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಬಂಧು ಬಳಗದ ಮುತ್ತೈದೆಯರೆಲ್ಲ ಬುತ್ತಿ ತಂದು ಒಬ್ಬೊಬ್ಬರೂ ಸಿಹಿ ತುತ್ತು ಬಾಯಿಗಿಡುತ್ತಾರೆ. ಮೊದಲ ಬಸಿರು ನಿಲ್ಲದ ಕಾರಣ ಈ ಸಲ ಎಲ್ಲರಿಗೂ ದುಪ್ಪಟ್ಟು ಉಮೇದು. ಸಾಲಹಳ್ಳಿ, ಚಚಡಿ, ಮನೋಳಿ, ಕಿತ್ತೂರು, ಎಲ್ಲ ಕಡೆಯಿಂದ ಬರುವವರಿದ್ದರು. ತಪಾಸಣೆ ಇದ್ದದ್ದು ಅದರ ಮರುವಾರ. ಡಾಕ್ಟರಬಾಯಿಗೆ ಆ ವಾರದ ಅಳತೆಗಳೆಲ್ಲ ಬೇಕಾಗಿದ್ದವು.

ಒಂದು ತುತ್ತು ಹೋಳಿಗೆ, ಒಂದು ಚೂರು ಕರ್ಚಿಕಾಯಿ, ಒಂದು ಚಿಟಿಕೆ ಮಾದಲಿ, ಹೀಗೆ ಇಪ್ಪತ್ತು ಮೂವತ್ತು ಕೈ. ನನ್ನ ತಲೆಯಲ್ಲಿ ಚೇಷ್ಟೆಗಳು ಸಾಲುಗಟ್ಟಿದವು: ಹುಡುಗಿಗೆ ವಾಂತಿಯ ನಾಟಕ ಕಲಿಸಲೇ? ದವಡೆ ನೋವೆಂದು ಬಟ್ಟೆ ಕಟ್ಟಲೇ? ಹುಡುಗಿ ತಲೆ ಅಲ್ಲಾಡಿಸಿದಳು.

"ಆಯಿ, ಇವತ್ತ ವಾಂತಿ, ನಾಳೆ ದವಡಿ. ಹೆರೂ ತನಕಾ ಎಷ್ಟ ಸುಳ್ಳ ಹೇಳೂದು? ನಮ್ಮ ಅತ್ತಿಯವರಿಗೆ ನೀವ ಹೋಗಿ ಹೇಳಿಬಿಡ್ರಿ. ನಾ ಫೋನ್ ಮಾಡಿದ್ರ ಅವ್ವ ಕಸಗೋತಾಳ."

ಜೀವಮಾನವೆಲ್ಲ ಮಂದಿಯನ್ನು ಏಮಾರಿಸಿ ಬದುಕಿದವಳಿಗೆ ನಿಜ ಹೇಳಲು ಕಳಿಸುತ್ತಿದ್ದಳು! ತಾಯಿಗೆ ಸವದತ್ತಿಯಲ್ಲಿ ಮೆಣಸಿನಕಾಯಿ ನೋಡಿ ಬರುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ಸವದತ್ತಿ ದಾಟಿ, ಮನೋಳಿಯಲ್ಲಿ ಮಲಪ್ರಭೆ ದಾಟಿ, ರಾಮದುರ್ಗದಲ್ಲಿ ಬಸ್ಸು ಬದಲಿಸಿ ಸಾಲಹಳ್ಳಿ ಮುಟ್ಟಿದೆ.

ಅತ್ತೆ ಪಡಸಾಲೆಯಲ್ಲಿ ಕುಳಿತು ಕರ್ಚಿಕಾಯಿ ತುಂಬುತ್ತಿದ್ದಳು. ಮುಂದೆ ಪರಾತದಲ್ಲಿ ಕೊಬ್ಬರಿ, ಸಕ್ಕರೆ, ಗಸಗಸೆಯ ಗುಡ್ಡ. ನನ್ನ ವಯಸ್ಸಿನವಳೇ, ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ.

"ಬೈಲಹೊಂಗಲದ ಖಾನಾವಳಿ ಆಯಿ ಅಲ್ಲೇನು? ಬರ್ರಿ, ಕುಂಡ್ರಿ. ನಮ್ಮ ಮಗನ ಲಗ್ನದಾಗ ಹೋಳಿಗ್ಯಾಗ ಹತ್ತಿ ಹಾಕಿದಾಕಿ ನೀವ ಹೌದಲ್ಲೋ? ನಮ್ಮ ಮನಿಯವರ ಹಲ್ಲಾಗಿಂದು ಇನ್ನಾ ಹೊಂಟಿಲ್ಲ."

"ಹತ್ತಿ ನಿಮ್ಮ ಹೊಲದ್ದ ಇತ್ತರಿ. ಅದಕ್ಕ ಗಟ್ಟಿ."

ಅವಳು ನಕ್ಕಳು. ಆ ನಗು ಮುಗಿಯುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ. ಸಕ್ಕರೆ, ಸೂಜಿ, ಬೆಳಗಾವಿ, ಹುಡುಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಂದ ಮಾತು, ಎಲ್ಲ. ಅತ್ತೆಯ ಕೈ ಪರಾತದಲ್ಲೇ ನಿಂತಿತು.

"ಬ್ಯಾನಿ ಬಂದದ್ದಕ್ಕ ನನಗೇನ ಸಿಟ್ಟಿಲ್ಲ," ಅಂದಳು. "ಬ್ಯಾನಿ ಯಾರ ಕೇಳಿ ಬರತೈತಿ? ನನಗ ಮುಚ್ಚಿಟ್ಟರಲ್ಲ. ಹ್ವಾದ ಸಲ ಆ ಬಸರ ಹ್ವಾದಾಗ ಆಕಿ ತಲಿ ನನ್ನ ತೊಡಿ ಮ್ಯಾಲ ಇತ್ತು, ಆಕಿ ಅವ್ವನ ತೊಡಿ ಮ್ಯಾಲ ಅಲ್ಲ."

ಅವಳು ಎದ್ದು ಪರಾತವನ್ನು ಒಳಗೆ ಇಟ್ಟು ಬಂದಳು.

"ನಾ ತಿನಸೂದು ಬಿಟ್ಟೆ. ಉಳಿದವರ ಕೈ ಯಾರ ಹಿಡೀತಾರ?"

"ಎಲ್ಲಾರಿಗೂ ಹೇಳಿಬಿಡೂಣಲ್ಲ."

"ಹೇಳ್ರಿ. 'ಒಂದ ತುತ್ತಿಗೆ ಏನೂ ಆಗೂದಿಲ್ಲ ತಗೋ' ಅಂತ ಒಬ್ಬಾಕಿ ಅಂತಾಳ. ಮೂವತ್ತ ಮಂದೀನೂ ಹಂಗ ಅಂತಾರ. ಡಾಕ್ಟರ ಮಾತಿಗೆ ನಮ್ಮ ಹೆಣ್ಣಮಕ್ಕಳು ಎದುರ ಆಡ್ತಾರ, ಪದ್ಧತಿಗೆ ಮಾತ್ರ ಆಡೂದಿಲ್ಲ."

ಪದ್ಧತಿ! ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಈ ಹೆಂಗಸು ಬೈಲಹೊಂಗಲದಲ್ಲಿ ಹುಟ್ಟಿದ್ದರೆ ನನ್ನ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಅಲ್ಲಿಯೇ, ಪಡಸಾಲೆಯ ಕಂಬಕ್ಕೆ ಒರಗಿ, ನಾವು ನೂರಾರು ವರ್ಷ ಹಳೆಯದಾದ ಒಂದು ಪದ್ಧತಿಯನ್ನು ಚಹಾ ಆರುವುದರೊಳಗೆ ಹುಟ್ಟಿಸಿದೆವು.

ಕುಬಸದ ದಿನ ಹುಡುಗಿ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು, ಹೂವಿನ ದಂಡೆ ಮುಡಿದು ಮಣೆಯ ಮೇಲೆ ಕುಳಿತಳು. ಪಕ್ಕದಲ್ಲಿ ಅತ್ತೆ, ಹಿಂದೆ ನಾನು. ಮೂಲೆಯಲ್ಲಿ ನಿಂತ ತಾಯಿಗೆ ನನ್ನ ಮೆಣಸಿನಕಾಯಿಯ ಪ್ರಯಾಣದ ಸುದ್ದಿ ಇನ್ನೂ ಗೊತ್ತಿರಲಿಲ್ಲ, ಬೆವರುತ್ತಿದ್ದಳು. ಆರತಿಯಾಯಿತು. ಅತ್ತೆ ಕರ್ಚಿಕಾಯಿ ಎತ್ತಿಕೊಂಡು ಗಂಭೀರವಾಗಿ ಹೇಳಿದಳು:

"ನಮ್ಮ ಮನಿತನದಾಗ ಕುಬಸದ ತುತ್ತು ತಿರಗತೈತಿ. ಮುತ್ತೈದಿ ತಂದ ತುತ್ತನ್ನ ಬಸುರಿ ಕಣ್ಣಿಗೆ ಒತ್ತಿಗೊಂಡು ತಂದಾಕಿ ಬಾಯಾಗ ಇಡಬೇಕು. ಆಕಿ ಮನೀಗೂ ಸಂತಾನದ ಫಲ ಹೋಗತೈತಿ. ಬಸುರಿ ತಾನ ತಿಂದ್ಲು ಅಂದ್ರ ಫಲ ತಿರಗೂದಿಲ್ಲ."

ಹುಡುಗಿ ಕರ್ಚಿಕಾಯಿಯನ್ನು ಕಣ್ಣಿಗೊತ್ತಿಕೊಂಡು ಅತ್ತೆಯ ಬಾಯಿಗಿಟ್ಟಳು. ಅತ್ತೆ ಕಚ್ಚಿದಳು.

"ನಾ ಎಷ್ಟ ಕುಬಸಾ ನೋಡೇನಿ," ಅಂದಳು ಹುಡುಗಿಯ ಕಿತ್ತೂರಿನ ಸೋದರತ್ತೆ, ಕೈಯಲ್ಲಿ ಹೋಳಿಗೆ ಹಿಡಿದು. "ಇಂಥಾ ಪದ್ಧತಿ ಕೇಳೇ ಇಲ್ಲಲ್ಲ!"

ಮೂವತ್ತು ಕೈಗಳು ಹೋಳಿಗೆ ಹಿಡಿದು ಕಾಯುತ್ತಿದ್ದವು. ನಾನು ಬಹಳ ಮೆತ್ತಗೆ ಕೇಳಿದೆ:

"ಹೌದೇನ್ರಿ? ನಿಮ್ಮ ಅತ್ತಿಯವರು ನಿಮಗ ಹೇಳಿ ಕೊಟ್ಟಿಲ್ಲೇನ್ರಿ? ಪಾಪ."

ಅವಳ ಮುಖ ಕೆಂಪಾಯಿತು. ಅಷ್ಟರಲ್ಲಿ ಚಚಡಿಯಿಂದ ಬಂದ ಮುದುಕಿ, ನಾವು ಕಲಿಸಿಯೂ ಇರಲಿಲ್ಲ, ಕೇಳಿಯೂ ಇರಲಿಲ್ಲ, ಎದೆಯುಬ್ಬಿಸಿ ಎದ್ದಳು: "ಯಾಕಿಲ್ಲ! ನಮ್ಮ ಊರ ದೇಸಾಯರ ವಾಡೇದಾಗ ಮದಲ ಇದ ಪದ್ಧತಿ ಇತ್ತು. ನಮ್ಮ ಮುತ್ತಜ್ಜಿ ಹೇಳತಿದ್ಲು. ಈಗಿನವರಿಗೆ ಏನ ಗೊತ್ತೈತಿ?"

ಆಮೇಲೆ ಯಾರಿಗೆ ಧೈರ್ಯ? ಒಬ್ಬೊಬ್ಬರೇ ಬಂದರು, ತುತ್ತು ಕೊಟ್ಟರು, ಅದೇ ತುತ್ತು ತಿಂದು ಹೋದರು. ಕಿತ್ತೂರಿನಾಕೆ ಎರಡು ಸಲ ಬಂದಳು. ನಗು ತಡೆಯಲು ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ನನಗೆ ಅಳು ಬಂತೆಂದು ತಿಳಿದು ಯಾರೋ ಬೆನ್ನು ಸವರಿದರು.

ಹುಡುಗಿಗೆ ನಾನು ಬೇರೆ ತಾಟು ಮಾಡಿದ್ದೆ. ಬೆಲ್ಲದ ಬದಲು ಹೆಸರುಬೇಳೆ, ಹಸಿಮೆಣಸಿನಕಾಯಿ, ಕೊತ್ತಂಬರಿ ತುಂಬಿ ಉಗಿಯಲ್ಲಿ ಬೇಯಿಸಿದ ಪುಟ್ಟ ಕಡುಬು ಎರಡು, ಕೋಸಂಬರಿ, ತಪ್ಪಲು, ಮೊಸರು. ದೂರದಿಂದ ನೋಡಿದವರಿಗೆ ಹೂರಣದ ಕಡುಬೇ. ಊಟವಾಗಿ ಎರಡು ತಾಸಿಗೆ ಒಳಕೋಣೆಯಲ್ಲಿ ಬೆರಳು ಚುಚ್ಚುವಾಗ ಅತ್ತೆಯೂ ಒಳಗೆ ಬಂದಳು, ಹಿಂದೆಯೇ ತಾಯಿ. ತಾಯಿ ಅತ್ತೆಯ ಕಾಲು ಹಿಡಿಯಲು ಬಗ್ಗಿದಳು.

"ಏಳ್ರಿ ಬೀಗತಿ," ಅಂದಳು ಅತ್ತೆ. "ನಿಮ್ಮ ಮ್ಯಾಲಿನ ಸಿಟ್ಟು ಆಮ್ಯಾಲ ತೀರಸ್ಕೋತೇನಿ. ಮದಲ ಅಂಕಿ ನೋಡೂಣು."

ನೂರಾ ಒಂಬತ್ತು. ಅತ್ತೆ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡಳು. ನಾನು ಹೊರಗೆ ಬಂದು, ನನಗೆ ಸಕ್ಕರೆ ಬೇನೆ ಇಲ್ಲದ ಸಂತೋಷಕ್ಕೆ, ನಾಲ್ಕು ಹೋಳಿಗೆ ತಿಂದೆ.

ತಪಾಸಣೆಯಲ್ಲಿ ಡಾಕ್ಟರಬಾಯಿ ಅಳತೆಗಳನ್ನೆಲ್ಲ ನೋಡಿ, ಕೂಸಿನ ಬೆಳವಣಿಗೆ ನೋಡಿ, "ಸದ್ಯ ಸೂಜಿ ಬ್ಯಾಡ. ಇದ ಊಟ ಹೆರೂ ತನಕಾ ನಡೀಲಿ" ಅಂದರು. ನಡೆಯಿತು. ಒಂಬತ್ತನೇ ತಿಂಗಳಲ್ಲಿ ಒಂದೆರಡು ಸಲ ಅಳತೆ ಜಿಗಿದಾಗ ಸಂಜೆಯ ಹಣ್ಣಿನ ಬದಲು ಹುರಿಗಡಲೆ ಕೊಟ್ಟು ಸರಿಮಾಡಿದೆವು. ಹೆರಿಗೆ ನಮ್ಮ ಊರಲ್ಲೇ ಆಯಿತು. ಮೂರು ಕಿಲೋಕ್ಕೆ ಒಂದಿಷ್ಟು ಕಡಿಮೆ, ಹೆಣ್ಣು ಕೂಸು, ದವಾಖಾನೆಯ ಹೆಂಚು ಹಾರುವಂತೆ ಅತ್ತಿತು. ಬಾಣಂತನ ಮುಗಿದ ಮೇಲೆ ಮತ್ತೆ ನೋಡಿದರೆ ಹುಡುಗಿಯ ಸಕ್ಕರೆ ತನ್ನ ಜಾಗಕ್ಕೆ ಬಂದಿತ್ತು. ಡಾಕ್ಟರಬಾಯಿ ವರ್ಷಕ್ಕೊಮ್ಮೆ ನೋಡಿಸಿಕೋ ಎಂದಿದ್ದಾರೆ, ನೋಡಿಸಿಕೊಳ್ಳುತ್ತಾಳೆ. ಈಗ ಡಾಕ್ಟರಬಾಯಿ ಇಂಥ ಬಸುರಿಯರನ್ನೆಲ್ಲ ನನ್ನ ಖಾನಾವಳಿಗೆ ಕಳಿಸುತ್ತಾರೆ. ಸಣ್ಣ ರೊಟ್ಟಿಗೆ ನನ್ನಲ್ಲಿ ಬೇರೆ ಹೆಂಚೇ ಇದೆ.

ಮೊನ್ನೆ ಕಿತ್ತೂರಿನಲ್ಲಿ ಒಂದು ಕುಬಸಕ್ಕೆ ಅಡುಗೆ ಹಿಡಿದಿದ್ದೆ. ಗುರುತಿಲ್ಲದ ಮನೆ, ಬಸುರಿಗೆ ಯಾವ ಬೇನೆಯೂ ಇಲ್ಲ. ಆರತಿಯಾದ ಮೇಲೆ ಹುಡುಗಿ ಚೆನ್ನಾಗಿ ತಿನ್ನಲಿ ಎಂದು ನಾನೇ ಒಂದು ಹೋಳಿಗೆ ಮುರಿದು ಅವಳ ಬಾಯಿಗಿಡಲು ಹೋದೆ. ಒಬ್ಬ ಮುದುಕಿ ನನ್ನ ಕೈ ಗಪ್ಪನೆ ಹಿಡಿದಳು.

"ಆಯಿ, ಇಷ್ಟ ವಯಸ್ಸಾಗೇತಿ, ಪದ್ಧತಿ ಗೊತ್ತಿಲ್ಲೇನ್ರಿ ನಿಮಗ? ಕುಬಸದ ತುತ್ತು ತಿರಗಬೇಕು. ಹಿರ್ಯಾರ ಕಾಲದಿಂದ ಬಂದದ್ದೈತಿ."

"ತಪ್ಪಾತ್ರಿ," ಅಂದೆ. "ನಮ್ಮ ಅತ್ತಿಯವರು ನನಗ ಹೇಳಿ ಕೊಟ್ಟಿರಲಿಲ್ಲ."

ಬಸುರಿ ಹೋಳಿಗೆಯನ್ನು ಕಣ್ಣಿಗೊತ್ತಿಕೊಂಡಳು. ನಾನು ಬಾಯಿ ತೆರೆದೆ.